ಮಿನಿ ಟಮ್ಮಿ ಟಕ್ಕಾ, ಫುಲ್ಲಾ? ಮೊದಲು ಹೊಕ್ಕಳಿನ ಮೇಲ್ಗಡೆ ನೋಡ್ಕೊಳ್ಳಿ

ಟಮ್ಮಿ ಟಕ್ ಅಂದ್ರೆ ಹೊಟ್ಟೆಯ ಸಡಿಲ ಚರ್ಮ ತೆಗೆದು ಬಿಗಿ ಮಾಡೋ ಆಪರೇಷನ್. ಅದರಲ್ಲಿ ಮಿನಿ ಮಾಡಿಸ್ಲಾ ಫುಲ್ ಮಾಡಿಸ್ಲಾ ಅಂತ ಯಾರೇ ಕೇಳಿದ್ರೂ ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ, ಹೊಕ್ಕಳಿನ ಮೇಲ್ಗಡೆ ಹೇಗಿದೆ? ಹೊಟ್ಟೆ ಎಷ್ಟು ದಪ್ಪ ಅಂತಲ್ಲ, ಎಷ್ಟು ಮಕ್ಕಳು ಅಂತಲೂ ಅಲ್ಲ, ಬಜೆಟ್ ಎಷ್ಟು ಅಂತಂತೂ ಅಲ್ವೇ ಅಲ್ಲ. ಇದಕ್ಕೆ ಉತ್ತರ ಸಿಕ್ಕಿದ್ರೆ ಮುಕ್ಕಾಲು ಪಾಲು ನಿರ್ಧಾರ ಅಲ್ಲೇ ಆಗೋಗುತ್ತೆ. ನಾನು ಡಾಕ್ಟರ್ ಅಲ್ಲ, ಮುಂಬೈಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಲ್ಲಿ ನರ್ಸು, ಇರೋದು ಡೊಂಬಿವಲಿಯಲ್ಲಿ. ಸಿಸ್ಟರ್ ನಮ್ಮ ಕಡೆಯವರು ಅಂತ ಗೊತ್ತಾದ್ರೆ ಸಾಕು, ಮರಾಠಿ ಹಿಂದಿ ಎಲ್ಲ ಬಿಟ್ಟು ಕನ್ನಡದಲ್ಲೇ ಮೆಲ್ಲಗೆ ಕೇಳ್ತಾರೆ, "ಸಿಸ್ಟರ್, ಸಣ್ಣದು ಸಾಕಾಗಲ್ವಾ?" ಅಂತ. ಡಾಕ್ಟರ್ ಎದುರಿಗೆ ಬಾಯಿಗೆ ಬರದೇ ಇರೋ ಪ್ರಶ್ನೆಗಳೆಲ್ಲ ಡ್ರೆಸ್ಸಿಂಗ್ ಮಾಡುವಾಗ ಹೊರಗೆ ಬರುತ್ತೆ, ಹಾಗಾಗಿ ಒಂದ್ಸಲ ಎಲ್ಲ ಬರೆದುಬಿಡೋಣ ಅಂತ ಕೂತಿದ್ದೀನಿ.

ಮೊದಲು ಎರಡರಲ್ಲೂ ಒಳಗೆ ಏನು ಮಾಡ್ತಾರೆ ಅನ್ನೋದು. ಫುಲ್ಲಲ್ಲಿ ಕಿಬ್ಬೊಟ್ಟೆ ಕೆಳಗೆ ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆ ತನಕ ಕೊಯ್ತಾರೆ, ಅಲ್ಲಿಂದ ಚರ್ಮ ಮತ್ತು ಕೊಬ್ಬನ್ನ ಸ್ನಾಯುವಿಂದ ಬಿಡಿಸ್ಕೊಂಡು ಪಕ್ಕೆಲುಬಿನ ತನಕ ಮೇಲಕ್ಕೆ ಹೋಗ್ತಾರೆ, ಆಮೇಲೆ ಎದೆಮೂಳೆ ಕೆಳಗಿಂದ ಕಿಬ್ಬೊಟ್ಟೆ ತನಕ ಅಗಲ ಆಗಿರೋ ಸ್ನಾಯುನ ಮಧ್ಯಕ್ಕೆ ಎಳೆದು ಹೊಲೀತಾರೆ, ಲೂಸಾದ ಬ್ಲೌಸಿಗೆ ಟೈಲರ್ ಒಳಗಿಂದ ಟಕ್ಸ್ ಹಿಡೀತಾನಲ್ಲ ಹಾಗೆ. ಮೇಲಿನ ಚರ್ಮ ಕೆಳಗೆ ಎಳೆದು ಮಿಕ್ಕಿದ್ದನ್ನ ಕತ್ತರಿಸಿ ತೆಗೀತಾರೆ. ಹೊಕ್ಕಳು ಹೋಗಲ್ಲ, ಅದರ ಬೇರು ಒಳಗೆ ಇದ್ದಲ್ಲೇ ಇರುತ್ತೆ, ಎಳೆದು ತಂದ ಚರ್ಮದಲ್ಲಿ ಹೊಸದಾಗಿ ತೂತು ಮಾಡಿ ಅದನ್ನ ಹೊರಗೆ ತಂದು ಹೊಲೀತಾರೆ ಅಷ್ಟೇ. ಹೀಗಾಗಿ ಹೊಕ್ಕಳಿನ ಸುತ್ತನೂ ಒಂದು ಸಣ್ಣ ಗುರುತು ಉಳಿಯುತ್ತೆ.

ಮಿನಿಯಲ್ಲಿ ಕೆಲಸ ಎಲ್ಲ ಹೊಕ್ಕಳಿನ ಕೆಳಗೇ. ಕೊಯ್ತ ಸಿಸೇರಿಯನ್ ಗುರುತಿಗಿಂತ ಸ್ವಲ್ಪ ಉದ್ದ, ಕೆಳಗಿನ ಚರ್ಮ ಸ್ವಲ್ಪ ತೆಗೆದು, ಬೇಕಾದ್ರೆ ಕೆಳಭಾಗದ ಸ್ನಾಯುಗೆ ಮಾತ್ರ ಹೊಲಿಗೆ. ಹೊಕ್ಕಳಿನ ಸುತ್ತ ಕೊಯ್ಯೋದೇ ಇಲ್ಲ. ಫುಲ್ಲಿಗೆ ಎರಡರಿಂದ ನಾಲ್ಕು ಗಂಟೆ ಆದ್ರೆ ಇದು ಒಂದೆರಡು ಗಂಟೆಯಲ್ಲಿ ಮುಗಿಯುತ್ತೆ. ಕೇಳಕ್ಕೆ ಮಿನಿನೇ ಚೆನ್ನಾಗಿದೆ ಅಲ್ವಾ, ಕೊಯ್ತ ಕಮ್ಮಿ, ನೋವು ಕಮ್ಮಿ, ಖರ್ಚು ಕಮ್ಮಿ. ತೊಂದರೆ ಏನಂದ್ರೆ ಇದು ಸರಿಹೋಗೋ ಹೊಟ್ಟೆಗಳೇ ಕಮ್ಮಿ.

ಮನೆಯಲ್ಲೇ ನೋಡ್ಕೊಳ್ಳೋದು ಹೇಗೆ ಅಂತ ಹೇಳ್ತೀನಿ, ಡಾಕ್ಟರ್ ಮಾಡೋ ಪರೀಕ್ಷೆಗೆ ಇದು ಬದಲಿ ಅಲ್ಲ, ಆದ್ರೆ ಕನ್ಸಲ್ಟೇಷನ್‌ಗೆ ಹೋಗೋ ಮುಂಚೆ ನಿಮಗೇ ಒಂದು ಅಂದಾಜು ಸಿಗುತ್ತೆ. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಸೊಂಟದಿಂದ ಮುಂದಕ್ಕೆ ಬಗ್ಗಿ. ಹೊಕ್ಕಳಿನ ಕೆಳಗೆ ಮಾತ್ರ ಚರ್ಮ ಜೋತುಬಿದ್ರೆ ಒಂದು ಲೆಕ್ಕ, ಮೇಲಿಂದಲೇ ಜೋಲಿ ಥರ ಇಳಿದ್ರೆ ಇನ್ನೊಂದು ಲೆಕ್ಕ. ಆಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ, ತಲೆ ಭುಜ ಸ್ವಲ್ಪ ಎತ್ತಿ ಹೊಕ್ಕಳಿನ ಮೇಲೆ ಕೆಳಗೆ ನಡುಗೆರೆಯಲ್ಲಿ ಬೆರಳು ಅಡ್ಡ ಇಟ್ಟು ಒತ್ತಿ ನೋಡಿ. ಎರಡು ಕಡೆ ಸ್ನಾಯುವಿನ ಅಂಚು ಗಟ್ಟಿ ಸಿಗುತ್ತೆ, ಮಧ್ಯ ಮೆತ್ತಗೆ. ಆ ಗ್ಯಾಪು ಸುಮಾರು 2 ಸೆಂಟಿಮೀಟರಿಗಿಂತ ಜಾಸ್ತಿ ಇದ್ರೆ ಅದನ್ನೇ ಡಯಾಸ್ಟಾಸಿಸ್ ರೆಕ್ಟೈ ಅನ್ನೋದು, ಬಸುರಿಯಲ್ಲಿ ಹಿಗ್ಗಿದ ಸ್ನಾಯು ವಾಪಸ್ ಸೇರಿಲ್ಲ ಅಂತ. ಕೆಲವರಿಗೆ ತಲೆ ಎತ್ತಿದ ತಕ್ಷಣ ಹೊಟ್ಟೆ ಮಧ್ಯದಲ್ಲಿ ಉದ್ದಕ್ಕೆ ಒಂದು ದಿಣ್ಣೆ ಏಳುತ್ತೆ, ಅದೂ ಇದೇನೇ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಕಟ್ಟಿಸ್ಕೊಂಡಿದ್ರೆ ಹೀಗಾಗ್ತಿರಲಿಲ್ಲ ಅಂತ ಅತ್ತೆ ಹೇಳ್ತಾರೆ ಅಂತ ತುಂಬ ಜನ ಬೇಜಾರು ಮಾಡ್ಕೊಂಡು ಹೇಳ್ತಾರೆ, ಬಟ್ಟೆ ಕಟ್ಟಿದ್ರೆ ಸೊಂಟಕ್ಕೆ ಆಸರೆ ಸಿಗುತ್ತೆ ಹೌದು, ಆದ್ರೆ ಹರಿದು ಹಿಗ್ಗಿದ ಚರ್ಮ ಅದರಿಂದ ವಾಪಸ್ ಬಿಗಿ ಆಗಲ್ಲ, ಹಾಗಾಗಿ ಆ ಅಪರಾಧಿ ಭಾವ ಬಿಟ್ಟಾಕಿ.

ಇನ್ನೊಂದು ಮುಖ್ಯವಾದದ್ದು, ಹಾಗೇ ಕಾಲು ಚಾಚಿ ಅಂಗಾತ ಮಲಗಿದಾಗ ಹೊಟ್ಟೆ ಪಕ್ಕೆಲುಬಿಗಿಂತ ಕೆಳಗೆ ಇಳಿದು ಚಪ್ಪಟೆ ಆಗುತ್ತಾ, ಇಲ್ಲ ಗುಡ್ಡದ ಥರ ಮೇಲೇ ನಿಂತಿರುತ್ತಾ? ಮೇಲೇ ನಿಂತ್ರೆ ಕೊಬ್ಬು ಕರುಳಿನ ಸುತ್ತ ಒಳಗಡೆ ಇದೆ ಅಂತ ಅರ್ಥ. ಅದನ್ನ ಮಿನಿನೂ ತೆಗೆಯಲ್ಲ, ಫುಲ್ಲೂ ತೆಗೆಯಲ್ಲ, ಟ್ಯೂಬಲ್ಲಿ ಕೊಬ್ಬು ಹೀರಿ ತೆಗೆಯೋ ಲೈಪೋನೂ ಮುಟ್ಟಲ್ಲ. ನಮ್ಮ ದೇಶದವರಿಗೆ ತೂಕ ಅಷ್ಟೇನೂ ಇಲ್ದಿದ್ರೂ ಈ ಒಳಕೊಬ್ಬು ಬೇಗ ಸೇರುತ್ತೆ, ಅದಕ್ಕೇ ಇಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದ್ರೇ ಬೊಜ್ಜು ಅಂತ ಲೆಕ್ಕ ಹಾಕೋದು, ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು ಅಂತಾರೆ. ಗಂಡಸರು ಟಮ್ಮಿ ಟಕ್ ಕೇಳ್ಕೊಂಡು ಬಂದಾಗ ಜಾಸ್ತಿ ಇದೇ ಸಮಸ್ಯೆ ಇರುತ್ತೆ, ಹೊಟ್ಟೆ ಮುಟ್ಟಿದ್ರೆ ಡ್ರಮ್ಮಿನ ಥರ ಗಟ್ಟಿ, ಹಿಡಿಯಕ್ಕೆ ಚರ್ಮನೇ ಸಿಗಲ್ಲ. ಅಂಥವರಿಗೆ ದಾರಿ ಅಂದ್ರೆ ಊಟ ನಡಿಗೆನೇ, ಆಪರೇಷನ್ನಿಂದ ಏನೂ ಸಿಗಲ್ಲ.

ಈಗ ಯಾರಿಗೆ ಯಾವುದು. ಮಿನಿ ನಿಜವಾಗಿ ಸರಿಹೋಗೋದು ಮೊದಲಿಂದ ತೆಳ್ಳಗಿದ್ದು, ಒಂದೋ ಎರಡೋ ಹೆರಿಗೆ ಆಗಿ, ತೂಕ ಸರಿಯಿದ್ದು, ಸಿಸೇರಿಯನ್ ಗುರುತಿನ ಮೇಲೆ ಒಂದು ಸಣ್ಣ ಮಡಿಕೆ ಮಾತ್ರ ಉಳ್ಕೊಂಡಿರೋರಿಗೆ. ಸೀರೆ ಉಟ್ರೆ ಗೊತ್ತೇ ಆಗಲ್ಲ, ಜೀನ್ಸ್ ಹಾಕಿದ್ರೆ ಬಟನ್ ಮೇಲೆ ಕೂರುತ್ತಲ್ಲ ಆ ಮಡಿಕೆ. ಹೊಕ್ಕಳಿನ ಮೇಲೆ ಚರ್ಮ ಬಿಗಿ, ಸ್ನಾಯು ಬಿಟ್ಟಿಲ್ಲ ಅಥವಾ ಕೆಳಗೆ ಮಾತ್ರ ಸ್ವಲ್ಪ ಬಿಟ್ಟಿದೆ ಅಂದ್ರೆ ಧೈರ್ಯವಾಗಿ ಮಿನಿ ಕೇಳಿ. ಹಳೇ ಸಿಸೇರಿಯನ್ ಗುರುತನ್ನೂ ಅದರ ಜೊತೆಗೇ ತೆಗೆದುಬಿಡ್ತಾರೆ ಸಾಮಾನ್ಯವಾಗಿ.

ಹೊಕ್ಕಳಿನ ಮೇಲೂ ಚರ್ಮ ಸಡಿಲ, ಅಥವಾ ಮೇಲಿಂದ ಕೆಳಗಿನ ತನಕ ಸ್ನಾಯು ಬಿಟ್ಟಿದೆ, ಅವಳಿ ಮಕ್ಕಳಾಗಿದೆ, ಇಪ್ಪತ್ತು ಮೂವತ್ತು ಕೆಜಿ ಇಳಿಸಿದ್ದೀರಿ ಅಂದ್ರೆ ಫುಲ್ಲೇ. ಇಲ್ಲಿ ದುಡ್ಡು ಉಳಿಸೋಣ, ಗುರುತು ಸಣ್ಣದಿರಲಿ ಅಂತ ಮಿನಿ ಮಾಡಿಸಿದ್ರೆ ಏನಾಗುತ್ತೆ ಅಂತ ನೋಡಿದ್ದೀನಿ, ಕೆಳಗೆ ಚಪ್ಪಟೆ ಆಗುತ್ತೆ, ಅದರಿಂದಲೇ ಮೇಲಿನ ಉಬ್ಬು ಮೊದಲಿಗಿಂತ ಎದ್ದು ಕಾಣುತ್ತೆ, ಹೊಕ್ಕಳು ಕೆಳಕ್ಕೆ ಎಳೆದು ಮುಖ ಸಪ್ಪೆ ಮಾಡ್ಕೊಂಡಂಗೆ ಕಾಣುತ್ತೆ, ಒಂದೆರಡು ವರ್ಷ ಬಿಟ್ಟು ಮತ್ತೆ ಫುಲ್ ಮಾಡಿಸಕ್ಕೆ ಬರ್ತಾರೆ, ಎರಡು ಸಲ ಅನಸ್ತೇಷಿಯಾ ಎರಡು ಸಲ ಖರ್ಚು. ಇನ್ನೂ ಒಂದು ವಿಷಯ, ಮಿನಿ ಅಂದ್ರೆ ಗುರುತು ಯಾವಾಗಲೂ ಸಣ್ಣದು ಅಂತೇನೂ ಇಲ್ಲ. ತೆಗೆಯೋ ಚರ್ಮ ಜಾಸ್ತಿ ಇದ್ರೆ ಎರಡು ತುದಿಯಲ್ಲಿ ಕಿವಿ ಥರ ಉಬ್ಬು ಉಳಿಯದೇ ಇರಲಿ ಅಂತ ಕೊಯ್ತನ ಪಕ್ಕಕ್ಕೆ ಎಳೀಲೇಬೇಕಾಗುತ್ತೆ, ಆಗ ಗುರುತೂ ಉದ್ದ ರಿಸಲ್ಟೂ ಅರ್ಧ.

ಸ್ಟ್ರೆಚ್ ಮಾರ್ಕ್ಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಕತ್ತರಿಸಿ ತೆಗೆದ ಚರ್ಮದಲ್ಲಿ ಇದ್ದದ್ದು ಮಾತ್ರ ಹೋಗುತ್ತೆ. ಫುಲ್ಲಲ್ಲಿ ಹೊಕ್ಕಳಿಂದ ಕೆಳಗಿರೋದು ಬಹುತೇಕ ಹೋಗುತ್ತೆ, ಮೇಲಿರೋದು ಕೆಳಗೆ ಇಳಿದು ಕೂರುತ್ತೆ. ಮಿನಿಯಲ್ಲಿ ಕೆಳಗಡೆ ಒಂದು ಪಟ್ಟಿಯಷ್ಟು ಹೋಗುತ್ತೆ, ಅಷ್ಟೇ.

ಎರಡಕ್ಕೂ ಮಧ್ಯದ ದಾರಿನೂ ಇದೆ. ಹೊಕ್ಕಳಿನ ಬೇರನ್ನ ಒಳಗಿಂದ ಬಿಡಿಸಿ ಮೇಲೆ ತನಕ ಸ್ನಾಯು ಹೊಲಿದು, ಹೊಕ್ಕಳನ್ನ ಒಂದೆರಡು ಸೆಂಟಿಮೀಟರ್ ಕೆಳಗೆ ಕೂರಿಸ್ತಾರೆ, ಹೊಕ್ಕಳಿನ ಸುತ್ತ ಗುರುತು ಬರಲ್ಲ. ಮೊದಲಿಂದ ಹೊಕ್ಕಳು ಸ್ವಲ್ಪ ಮೇಲಿರೋರಿಗೆ, ಚರ್ಮ ಕಮ್ಮಿ ಆದ್ರೆ ಸ್ನಾಯು ಜಾಸ್ತಿ ಬಿಟ್ಟಿರೋರಿಗೆ ಇದು ಒಳ್ಳೇದು, ಮೊದಲೇ ಕೆಳಗಿದ್ರೆ ಬೇಡ. ಹಾಗೇ ಫುಲ್ ಮಾಡುವಾಗ ಮೇಲಿನ ಚರ್ಮ ಸಾಕಷ್ಟು ಸಡಿಲ ಇಲ್ದಿದ್ರೆ ಹಳೇ ಹೊಕ್ಕಳಿನ ತೂತು ಕೆಳಗಿನ ಕೊಯ್ತದ ತನಕ ಇಳಿಯಲ್ಲ, ಆಗ ಅದನ್ನ ಮುಚ್ಚಿ ಹೊಲಿದಿದ್ದು ನಡುವಲ್ಲಿ ಒಂದು ಸಣ್ಣ ನೆಟ್ಟನೆ ಗೆರೆಯಾಗಿ ಉಳಿಯುತ್ತೆ. ಇದನ್ನ ಮುಂಚೆನೇ ಕೇಳ್ಕೊಳ್ಳಿ, ಆಮೇಲೆ ನೋಡಿ ಗಾಬರಿ ಆಗೋರು ತುಂಬ ಜನ. ಚರ್ಮ ಬಿಗಿ ಇದ್ದು, ಹಿಡಿದ್ರೆ ಕೈಗೆ ಬರೀ ಕೊಬ್ಬು ಸಿಗೋರಿಗೆ ಇವೆರಡೂ ಬೇಡ, ಲೈಪೋ ಸಾಕು.

ಮಕ್ಕಳು ಇನ್ನೂ ಬೇಕು ಅಂತಿದ್ರೆ ಕಾಯಿರಿ. ಮಾಡಿಸಿದ ಮೇಲೆ ಬಸುರಿ ಆಗಬಾರದು ಅಂತೇನಿಲ್ಲ, ಸಾಮಾನ್ಯವಾಗಿ ಮಗುಗೆ ತೊಂದರೆ ಆಗಲ್ಲ, ಆದ್ರೆ ಹೊಲಿದಿದ್ದೆಲ್ಲ ಮತ್ತೆ ಹಿಗ್ಗುತ್ತೆ. ಹೆರಿಗೆ ಆಗಿ ಆರು ತಿಂಗಳಾದ್ರೂ ಕಳೀಬೇಕು, ಹಾಲು ಬಿಡಿಸಿರಬೇಕು, ತೂಕ ಕೆಲವು ತಿಂಗಳು ಒಂದೇ ಕಡೆ ನಿಂತಿರಬೇಕು. 2025ರಲ್ಲಿ ಮೌಂಜಾರೊ, ವೆಗೋವಿ ಇಲ್ಲಿಗೆ ಬಂದ ಮೇಲೆ ಇಂಜೆಕ್ಷನ್‌ನಲ್ಲಿ ತೂಕ ಇಳಿಸಿ ಚರ್ಮ ಜೋತುಬಿದ್ದು ಬರೋರು ಇದ್ದಾರೆ, ಅವರು ಇಳಿಯೋದು ಪೂರ್ತಿ ನಿಲ್ಲೋ ತನಕ ಕಾಯಬೇಕು. ಅನಸ್ತೇಷಿಯಾ ಡಾಕ್ಟರ್‌ಗೆ ಈ ಇಂಜೆಕ್ಷನ್ ವಿಷಯ ಮುಚ್ಚಿಡಲೇಬೇಡಿ, ಇದರಿಂದ ಹೊಟ್ಟೆ ನಿಧಾನವಾಗಿ ಖಾಲಿ ಆಗುತ್ತೆ, ರಾತ್ರಿಯಿಡೀ ಉಪವಾಸ ಇದ್ರೂ ಒಳಗೆ ಊಟ ಉಳಿದಿರಬಹುದು, ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದ್ರೆ ಅಪಾಯ.

ಚೇತರಿಕೆ ವಿಷಯ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರೆ ಮುಂಬೈಯಲ್ಲಿ ಬದುಕೋರಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲಿ. ಮಿನಿ ಆದವರು ಕೂತು ಮಾಡೋ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗ್ತಾರೆ, ಫುಲ್ ಆದವರಿಗೆ ಎರಡು ಮೂರು ವಾರ ಬೇಕು, ಅದೂ ವರ್ಕ್ ಫ್ರಮ್ ಹೋಮ್ ಇದ್ರೆ ಒಳ್ಳೇದು. ಬೆಳಗ್ಗೆ ಎಂಟರ ಡೊಂಬಿವಲಿ ಲೋಕಲ್ ಹತ್ತೋದು ಬೇರೆ ಲೆಕ್ಕ, ಆ ನೂಕಲಲ್ಲಿ ಹೊಟ್ಟೆಗೆ ಒಂದು ಮೊಣಕೈ ಬಿದ್ರೆ ಸಾಕು, ಮಿನಿಗೂ ಒಂದು ತಿಂಗಳು ಬೇಡ ಅಂತೀನಿ, ಫುಲ್ಲಿಗೆ ಒಂದೂವರೆ ತಿಂಗಳು. ಫುಲ್ಲಲ್ಲಿ ಮೊದಲ ವಾರ ನೆಟ್ಟಗೆ ನಿಲ್ಲಕ್ಕೇ ಆಗಲ್ಲ, ಬಗ್ಗಿಕೊಂಡೇ ನಡೀತೀರಿ, ಮಲಗೋದು ಬೆನ್ನಿಗೆ ದಿಂಬು ಕೊಟ್ಟು ಮೊಣಕಾಲ ಕೆಳಗೆ ಇನ್ನೊಂದು ದಿಂಬು ಇಟ್ಟು. ಕೆಮ್ಮಿದ್ರೆ ಸೀನಿದ್ರೆ ಪ್ರಾಣ ಹೋದಂಗೆ ಆಗುತ್ತೆ, ದಿಂಬನ್ನ ಹೊಟ್ಟೆಗೆ ಅವಚಿಕೊಳ್ಳಿ. ಆರು ವಾರ ಭಾರ ಎತ್ತಂಗಿಲ್ಲ, ಅಂದ್ರೆ ಮಗು, ನೀರಿನ ಬಕೆಟ್ಟು, ತುಂಬಿದ ಕುಕ್ಕರು, ಸಿಲಿಂಡರ್ ಜರುಗಿಸೋದು ಎಲ್ಲ ಬಂತು. ನಲ್ಲಿ ನೀರು ಹೊತ್ತಿಗೆ ಸರಿಯಾಗಿ ಒಂದು ಗಂಟೆ ಬರೋ ಬಿಲ್ಡಿಂಗಲ್ಲಿ ಇರೋರು ಅಷ್ಟು ದಿನ ತುಂಬಿಡೋರು ಯಾರು ಅಂತ ಮೊದಲೇ ಮಾತಾಡಿಟ್ಕೊಳ್ಳಿ, ಊರಿಂದ ಅಮ್ಮನೋ ಅಕ್ಕನೋ ಬರ್ತಾರೆ ಅಂದ್ರೆ ಅವರ ಟಿಕೆಟ್ ನೋಡ್ಕೊಂಡು ಆಪರೇಷನ್ ಡೇಟ್ ತಗೊಳ್ಳಿ. ಇಂಡಿಯನ್ ಟಾಯ್ಲೆಟ್ ಮಾತ್ರ ಇರೋ ಮನೆಯಾದ್ರೆ ಕಮೋಡ್ ಚೇರ್ ಬಾಡಿಗೆಗೆ ಸಿಗುತ್ತೆ, ತರಿಸಿಡಿ. ನೋವಿನ ಮಾತ್ರೆಯಿಂದ ಮಲಬದ್ಧತೆ ಆಗುತ್ತೆ, ತಿಣುಕಿದ್ರೆ ಒಳಗಿನ ಹೊಲಿಗೆ ಮೇಲೆ ಭಾರ ಬೀಳುತ್ತೆ, ಡಾಕ್ಟರ್ ಹತ್ರ ಕೇಳಿ ಇಸಬ್ಗೋಲ್ ಶುರು ಮಾಡ್ಕೊಳ್ಳಿ.

ಡ್ರೇನ್ ಅಂದ್ರೆ ಒಳಗೆ ಸೇರೋ ನೀರು ಹೊರಗೆ ಬರೋ ಟ್ಯೂಬು, ಫುಲ್ಲಲ್ಲಿ ಒಂದೋ ಎರಡೋ ಇಡ್ತಾರೆ, ದಿನಕ್ಕೆ ಸುಮಾರು 30 ಮಿಲಿಗಿಂತ ಕಮ್ಮಿ ಆದಾಗ ತೆಗೀತಾರೆ. ಕೆಲವು ಸರ್ಜನ್‌ಗಳು ಚರ್ಮನ ಒಳಗಿಂದ ಸ್ನಾಯುಗೆ ಅಲ್ಲಲ್ಲಿ ಹೊಲಿದು ಡ್ರೇನ್ ಇಲ್ದೇನೂ ಮಾಡ್ತಾರೆ. ಮಿನಿಯಲ್ಲಿ ಎಷ್ಟೋ ಸಲ ಬೇಕಾಗಲ್ಲ. ಟೈಟ್ ಬೆಲ್ಟೋ ಗಾರ್ಮೆಂಟೋ ಸುಮಾರು ಆರು ವಾರ ಹಾಕ್ಕೋಬೇಕು, ಇದನ್ನ ಮೇ ತಿಂಗಳ ಬೆವರಲ್ಲಿ ಹಾಕ್ಕೊಂಡಿರೋದು ನೆನೆಸ್ಕೊಳ್ಳಿ, ಮಳೆಗಾಲದಲ್ಲಿ ಒಗೆದಿದ್ದು ಒಣಗಲ್ಲ, ಒದ್ದೆ ಬೆಲ್ಟಿಗೆ ತುರಿಕೆ ಫಂಗಸ್ ಗ್ಯಾರಂಟಿ. ಎರಡು ಸೆಟ್ ತಗೊಳ್ಳಿ, ಆದಷ್ಟು ಡಿಸೆಂಬರಿಂದ ಫೆಬ್ರವರಿ ಒಳಗೆ ಮಾಡಿಸಿ, ಪುಣೆಯವರಿಗೆ ಈ ಕಷ್ಟ ಅಷ್ಟಿಲ್ಲ, ಗೋವಾದವರಿಗೆ ನಮ್ಮಷ್ಟೇ. ಹೊಕ್ಕಳಿನ ಕೆಳಗೆ ತಿಂಗಳುಗಟ್ಟಲೆ ಮರಗಟ್ಟಿದಂಗೆ ಇರುತ್ತೆ, ಕೆಲವರಿಗೆ ಸ್ವಲ್ಪ ಜಾಗ ಹಾಗೇ ಉಳಿಯುತ್ತೆ. ಆ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಇಡಲೇಬೇಡಿ, ಸುಟ್ರೂ ನಿಮಗೆ ಗೊತ್ತಾಗಲ್ಲ.

ಗುರುತಿನ ಜಾಗ ನೀವು ಹೇಳಿ ಇಡಿಸ್ಕೊಳ್ಳಬಹುದು. ಆಪರೇಷನ್ ಮುಂಚೆ ನಿಲ್ಲಿಸಿ ಪೆನ್ನಲ್ಲಿ ಮಾರ್ಕ್ ಮಾಡ್ತಾರೆ, ಆಗ ದಿನಾ ಹಾಕೋ ಒಳಉಡುಪನ್ನೇ ಹಾಕ್ಕೊಂಡು ಹೋಗಿ, ಸೀರೆನ ಹೊಕ್ಕಳಿಗಿಂತ ಎಷ್ಟು ಕೆಳಗೆ ಉಡ್ತೀರಿ ಅಂತನೂ ತೋರಿಸಿ. ಲಂಗದ ಲಾಡಿ ಹೊಸ ಗುರುತಿನ ಮೇಲೇ ಬಿದ್ರೆ ಉಜ್ಜಿ ಉಜ್ಜಿ ಕೆಂಪಾಗುತ್ತೆ, ಒಂದೆರಡು ತಿಂಗಳು ನೈಟಿ, ಸಡಿಲ ಕುರ್ತಾನೇ ವಾಸಿ. ನಮ್ಮ ಚರ್ಮಕ್ಕೆ ಗುರುತು ಕಪ್ಪಾಗೋದು, ದಪ್ಪ ಆಗೋದು ಜಾಸ್ತಿ, ಸಿಲಿಕೋನ್ ಜೆಲ್ಲೋ ಶೀಟೋ ಕೊಡ್ತಾರೆ, ಅದನ್ನ ತಿಂಗಳುಗಟ್ಟಲೆ ಹಚ್ಚೋ ತಾಳ್ಮೆ ಬೇಕು. ಪೂರ್ತಿ ಮಾಸಿ ತಿಳಿ ಆಗಕ್ಕೆ ಒಂದರಿಂದ ಒಂದೂವರೆ ವರ್ಷ. ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದಿತ್ತು ಅನ್ನೋರು ಅದನ್ನ ಮೊದಲೇ ಹೇಳಿ, ಕೀಲಾಯ್ಡ್ ಬರೋ ಚರ್ಮಕ್ಕೆ ಉದ್ದ ಕೊಯ್ತ ಅಂದ್ರೆ ಡಾಕ್ಟರ್ ಎರಡು ಸಲ ಯೋಚಿಸ್ತಾರೆ.

ತಂಬಾಕು. ಇದನ್ನ ನಾನು ಹೆಂಗಸರಿಗೆ ಕೇಳಿದ್ರೆ ಸಿಟ್ಟಾಗ್ತಾರೆ, ನಾವೇನು ಸಿಗರೇಟ್ ಸೇದ್ತೀವಾ ಅಂತ. ಆದ್ರೆ ಮಿಶ್ರಿ? ಮಹಾರಾಷ್ಟ್ರ ಗೋವಾದಲ್ಲಿ ಹಲ್ಲುಜ್ಜಕ್ಕೆ ಅಂತ ಬಳಸೋ ಆ ಕಪ್ಪು ಪುಡಿ ಹುರಿದ ತಂಬಾಕೇ, ಇಲ್ಲಿಗೆ ಬಂದು ನೆಲೆಸಿದ ನಮ್ಮವರಿಗೂ ಅಂಟಿಕೊಂಡಿದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋರೂ ಇದ್ದಾರೆ. ನಿಕೋಟಿನ್ ಯಾವ ದಾರಿಯಲ್ಲಿ ಒಳಗೆ ಹೋದ್ರೂ ರಕ್ತನಾಳ ಸಂಕುಚಿತ ಆಗುತ್ತೆ, ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಕಪ್ಪಾಗಿ ಸತ್ತುಹೋಗಬಹುದು. ಫುಲ್ಲಲ್ಲಿ ಚರ್ಮ ಜಾಸ್ತಿ ಬಿಡಿಸೋದ್ರಿಂದ ಈ ಅಪಾಯನೂ ಜಾಸ್ತಿ. ನಾಲ್ಕರಿಂದ ಆರು ವಾರ ಮುಂಚೆ ನಿಲ್ಲಿಸಬೇಕು, ಆಮೇಲೂ ಅಷ್ಟೇ ದಿನ. ಶುಗರ್ ಕಂಟ್ರೋಲಲ್ಲಿ ಇರಬೇಕು, ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಮೊದಲು ಅದನ್ನ ಸರಿ ಮಾಡ್ಕೋಬೇಕು.

ಎಲ್ಲಕ್ಕಿಂತ ಭಯ ಪಡಬೇಕಾಗಿರೋದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗೋದು. ಅಪರೂಪ, ಆದ್ರೆ ಜೀವಕ್ಕೇ ಬರೋದು ಇದೇ. ಅದಕ್ಕೇ ನೋವಿದ್ರೂ ಅದೇ ಸಂಜೆ ಇಲ್ಲ ಮಾರನೇ ದಿನ ಎಬ್ಬಿಸಿ ನಡೆಸ್ತೀವಿ, ಬೈಕೋಬೇಡಿ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಹೇಳಿ. ಮೀನಖಂಡ ಒಂದೇ ಕಡೆ ಊದಿ ನೋವು ಬಂದ್ರೆ, ಉಸಿರು ಕಟ್ಟಿದ್ರೆ, ಎದೆ ನೋವಾದ್ರೆ ಫೋನ್ ಮಾಡ್ಕೊಂಡು ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ವಿಜಯಪುರ ಬೆಳಗಾವಿ ಕಡೆಯಿಂದ ಪುಣೆಗೋ ಮುಂಬೈಗೋ ಬಂದು ಮಾಡಿಸ್ಕೊಂಡು ನಾಲ್ಕನೇ ದಿನಕ್ಕೇ ರಾತ್ರಿ ಬಸ್ಸಲ್ಲಿ ವಾಪಸ್ ಹೋಗ್ತೀನಿ ಅನ್ನೋರಿಗೆ ನಾನು ಬೈದಿದ್ದೂ ಇದೆ. ಮಂಗಳೂರು ಕಡೆಯವರು ಮತ್ಸ್ಯಗಂಧಾ ರೈಲಲ್ಲಿ ಬರ್ತ್ ಇದೆ ಸಿಸ್ಟರ್ ಮಲ್ಕೊಂಡೇ ಹೋಗ್ತೀನಿ ಅಂದ್ರೂ ಬೇಡ, ಡ್ರೇನ್ ತೆಗೆದು ಹೊಲಿಗೆ ನೋಡಿ ಡಾಕ್ಟರ್ ಹೂಂ ಅನ್ನೋ ತನಕ ಇಲ್ಲೇ ಸಂಬಂಧಿಕರ ಮನೆಯಲ್ಲಿರಿ. ಮನೆಗೆ ಹೋದ ಮೇಲೆ ಹೊಟ್ಟೆ ಒಂದು ಕಡೆ ನೀರು ತುಂಬಿದಂಗೆ ತುಳುಕಿದ್ರೆ ಅದು ಸೆರೋಮಾ, ಸೂಜಿಯಲ್ಲಿ ಎಳೆದ್ರೆ ಸರಿಹೋಗುತ್ತೆ, ಆದ್ರೆ ಎಳೆಯೋರು ಹತ್ರ ಇರಬೇಕಲ್ಲ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಕಾಸ್ಮೆಟಿಕ್ ಸರ್ಜರಿ ಹೊರಗಿಟ್ಟಿರ್ತಾರೆ, ಮಿನಿ ಫುಲ್ ಎರಡೂ ಕೈಯಿಂದಲೇ, ಮೇಲೆ ಶೇ. 18 ಜಿಎಸ್‌ಟಿ. ಹೊಕ್ಕಳಿನ ಹರ್ನಿಯಾ ಜೊತೆಗೆ ಇದ್ರೆ ಆ ರಿಪೇರಿ ಭಾಗ ಕ್ಲೇಮ್ ಆಗಬಹುದು, ಬಿಲ್ ಬೇರೆ ಬೇರೆ ಮಾಡಿಸಿ, ಮೊದಲೇ ಲಿಖಿತವಾಗಿ ಕೇಳಿಟ್ಕೊಳ್ಳಿ. ಕೊಟೇಷನ್ ಕೇಳುವಾಗ ಸರ್ಜನ್ ಫೀಸು, ಅನಸ್ತೇಷಿಯಾ, ಓಟಿ, ರೂಮು, ಗಾರ್ಮೆಂಟು, ಆಮೇಲಿನ ಡ್ರೆಸ್ಸಿಂಗು ಎಲ್ಲ ಸೇರಿದ್ಯಾ ಅಂತ ಒಂದೊಂದೇ ಕೇಳಿ, ಫೋನಲ್ಲಿ ಹೇಳೋ ಪ್ಯಾಕೇಜ್ ರೇಟಲ್ಲಿ ಅರ್ಧ ಇರಲ್ಲ.

ಡಾಕ್ಟರ್ ಹೆಸರಿನ ಮುಂದೆ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಅಥವಾ ಅದೇ ವಿಷಯದಲ್ಲಿ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಡಿಗ್ರಿ ಇದೆಯಾ ನೋಡಿ, ಕಾಸ್ಮೆಟಿಕ್ ಸರ್ಜನ್ ಅಂತ ಬೋರ್ಡ್ ಹಾಕ್ಕೊಂಡ ಮಾತ್ರಕ್ಕೆ ಆ ಡಿಗ್ರಿ ಇದೆ ಅಂತಲ್ಲ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಕೇಳೋದ್ರಲ್ಲಿ ತಪ್ಪೇನಿಲ್ಲ, ಗೋವಾದಲ್ಲಾದ್ರೆ ಅಲ್ಲಿನ ಕೌನ್ಸಿಲ್ದು. ಆಸ್ಪತ್ರೆಯಲ್ಲೇ ಐಸಿಯು ಇದೆಯಾ, ರಾತ್ರಿ ಡಾಕ್ಟರ್ ಇರ್ತಾರಾ ಅಂತಲೂ ಕೇಳಿ. ನಿಮ್ಮನ್ನ ನಿಲ್ಲಿಸಿ, ಬಗ್ಗಿಸಿ, ಮಲಗಿಸಿ ನೋಡದೆ ಬರೀ ವಾಟ್ಸಾಪ್ ಫೋಟೊ ನೋಡಿ ಮಿನಿ ಸಾಕು ಅಂದವರ ಹತ್ರ ಹೋಗಬೇಡಿ. ಹಳೇ ಪೇಷಂಟ್‌ಗಳ ಫೋಟೊ ತೋರಿಸಿದ್ರೆ ಎದುರಿಂದ ತೆಗೆದಿದ್ದನ್ನ ನೋಡಿ ಖುಷಿಪಡಬೇಡಿ, ಪಕ್ಕದಿಂದ ತೆಗೆದದ್ದು, ಕೂತಾಗ ತೆಗೆದದ್ದು, ಒಂದು ವರ್ಷ ಆದ ಮೇಲಿನದು ಕೇಳಿ. ಹೊಕ್ಕಳಿನ ಮೇಲಿನ ಉಬ್ಬು ಉಳಿದಿದ್ಯಾ ಇಲ್ವಾ ಅನ್ನೋದು ಪಕ್ಕದಿಂದ ಮಾತ್ರ ಕಾಣೋದು.